ಸಂದರ್ಶನದ ಉತ್ತರ ಗೈಡಿನಲ್ಲಿಲ್ಲ

ಪದವಿ ಕಾಲೇಜುಗಳಲ್ಲಿ ಅಂತಿಮ ವರ್ಷದ ಪರೀಕ್ಷೆಗಳು ಸಮೀಪಿಸುತ್ತಿದ್ದಂತೆ ಪಠ್ಯದ ಜತೆಗೆ ಇನ್ನೊಂದು ಬಗೆಯ ಕಂಠಪಾಠವೂ ಶುರುವಾಗುತ್ತದೆ. ‘ನಿಮ್ಮ ಬಗ್ಗೆ ಹೇಳಿ’, ‘ನಿಮ್ಮ ಬಲ ಮತ್ತು ದೌರ್ಬಲ್ಯಗಳೇನು?’, ‘ನಮ್ಮ ಸಂಸ್ಥೆಯನ್ನೇ ಏಕೆ ಆರಿಸಿಕೊಂಡಿರಿ?’, ‘ಐದು ವರ್ಷಗಳ ನಂತರ ನೀವು ಎಲ್ಲಿರಬೇಕೆಂದು ಬಯಸುತ್ತೀರಿ?’ – ಉದ್ಯೋಗ ಸಂದರ್ಶನಗಳಲ್ಲಿ ಪದೇ ಪದೇ ಎದುರಾಗುವ ಈ ಹತ್ತು ಹದಿನೈದು ಪ್ರಶ್ನೆಗಳಿಗೆ ಸಿದ್ಧ ಇಂಗ್ಲಿಷ್ ಉತ್ತರಗಳು ಒಂದು ಮೊಬೈಲ್‌ನಿಂದ ಇನ್ನೊಂದಕ್ಕೆ ಹರಿದಾಡತೊಡಗುತ್ತವೆ. ಹಿಂದೆ ಇವು ಬಸ್ ನಿಲ್ದಾಣದ ಪುಸ್ತಕದಂಗಡಿಯ ಗೈಡುಗಳಲ್ಲಿ ಸಿಗುತ್ತಿದ್ದವು. ಆಮೇಲೆ ವ್ಯಕ್ತಿತ್ವ ವಿಕಸನದ ತರಬೇತುದಾರರು ಹಂಚುವ ಹಾಳೆಗಳಿಗೆ ಬಂದವು. ಈಗ ಚಾಟ್‌ಜಿಪಿಟಿಯನ್ನು ಕೇಳಿದರೆ ಅರೆಕ್ಷಣದಲ್ಲಿ ದೊರೆಯುತ್ತವೆ. ದೊರೆಯುವ ಜಾಗ ಬದಲಾಗಿದೆಯೇ ಹೊರತು ಉತ್ತರ ಬದಲಾಗಿಲ್ಲ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ವಾಣಿಜ್ಯ ವಿಷಯ ಬೋಧಿಸುವ ನಾನು ಹಲವು ವರ್ಷಗಳಿಂದ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಅಣಕು ಸಂದರ್ಶನಗಳನ್ನು ನಡೆಸುತ್ತ ಬಂದಿದ್ದೇನೆ. ಒಂದು ಬೆಳಗಿನಲ್ಲಿ ಮೂವತ್ತು ಮಂದಿಯನ್ನು ಮಾತನಾಡಿಸಿದರೆ ಇಪ್ಪತ್ತು ಮಂದಿಯಾದರೂ ತಾವು ‘ಶ್ರಮಜೀವಿಗಳು, ಬೇಗ ಕಲಿಯುವವರು, ತಂಡದಲ್ಲಿ ಬೆರೆಯುವವರು’ ಎನ್ನುತ್ತಾರೆ. ದೌರ್ಬಲ್ಯವೇನೆಂದು ಕೇಳಿದರೆ ‘ನಾನು ಪರ್ಫೆಕ್ಷನಿಸ್ಟ್’ ಎಂಬ ಉತ್ತರ ತಪ್ಪದೆ ಬರುತ್ತದೆ. ಆ ಪದದ ಸ್ಪೆಲಿಂಗ್ ಸ್ವವಿವರದಲ್ಲಿ ತಪ್ಪಾಗಿರುವುದೂ ಉಂಟು. ನಗು ಬರುವುದು ಸಹಜ. ಆದರೆ ಇದರಲ್ಲಿ ಆ ಮಕ್ಕಳ ತಪ್ಪೇನೂ ಇಲ್ಲ. ಪ್ರಶ್ನೆಗೆ ಸರಿಯಾದ ಉತ್ತರ ಒಂದೇ ಇರುತ್ತದೆ, ಅದನ್ನು ಬೇರೆಯವರು ಬರೆದಿರುತ್ತಾರೆ, ನಾವು ಒಪ್ಪಿಸಬೇಕು ಎಂಬುದನ್ನು ಹದಿನೈದು ವರ್ಷಗಳ ಕಾಲ ಅವರಿಗೆ ಕಲಿಸಿದವರು ನಾವೇ. ಅವರು ಅದನ್ನು ಸಂದರ್ಶನದ ಕೊಠಡಿಗೂ ಕೊಂಡೊಯ್ಯುತ್ತಾರೆ, ಅಷ್ಟೆ.

ಈ ಗಿಳಿಪಾಠದಿಂದ ಯಾರಿಗೆ ನಷ್ಟ ಎಂಬುದನ್ನು ನೋಡಬೇಕು. ನಗರದ ಇಂಗ್ಲಿಷ್ ಮಾಧ್ಯಮದ ಶಾಲೆಯಿಂದ ಬಂದವರು ಕಂಠಪಾಠ ಮಾಡಿದ ಉತ್ತರ ನಡುವೆ ಮರೆತುಹೋದರೂ ಹೇಗೋ ಮಾತು ಸೇರಿಸಿ ದಡ ಸೇರುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ, ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಗೆ ಆ ನಾಲ್ಕು ವಾಕ್ಯಗಳೇ ಊರುಗೋಲು. ಸಂದರ್ಶಕರು ಮರುಪ್ರಶ್ನೆ ಹಾಕಿದೊಡನೆ ಅದು ಕೈಜಾರುತ್ತದೆ. ಯಾರಿಗೆ ನೆರವಾಗಲೆಂದು ಈ ತರಬೇತಿಯನ್ನು ಏರ್ಪಡಿಸುತ್ತೇವೋ ಅವರನ್ನೇ ಅದು ನಡುನೀರಿನಲ್ಲಿ ಕೈಬಿಡುತ್ತದೆ.

ಪ್ರಶ್ನೆ ಬದಲಾಯಿತು, ತರಬೇತಿ ಬದಲಾಗಲಿಲ್ಲ

ಸಿದ್ಧ ಉತ್ತರಗಳ ಸಮಸ್ಯೆ ಹೊಸದೇನೂ ಅಲ್ಲ. ಅಮೆರಿಕದ ಸಂಶೋಧಕ ಥಾಮಸ್ ಎಡಿಸನ್ ತನ್ನಲ್ಲಿ ಕೆಲಸ ಕೇಳಿಕೊಂಡು ಬರುವ ಪದವೀಧರರಿಗೆಂದು ನೂರಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿಯೊಂದನ್ನು ಇಟ್ಟುಕೊಂಡಿದ್ದ. 1921ರಲ್ಲಿ ಆ ಪ್ರಶ್ನೆಗಳು ಪತ್ರಿಕೆಗಳಲ್ಲಿ ಪ್ರಕಟವಾಗಿಬಿಟ್ಟವು. ಉತ್ತರ ಎಲ್ಲರ ಕೈಗೆ ಸಿಕ್ಕ ಮೇಲೆ ಪರೀಕ್ಷೆಗೆ ಅರ್ಥವೇನು ಉಳಿಯಿತು?

ಮುಂದಿನ ದಶಕಗಳಲ್ಲಿ ಮನಶ್ಶಾಸ್ತ್ರಜ್ಞರು ಬೇರೆ ದಾರಿ ಹುಡುಕಿದರು. ಒಬ್ಬ ವ್ಯಕ್ತಿ ಕೆಲಸದಲ್ಲಿ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ನಿರ್ದಿಷ್ಟ ಘಟನೆಗಳ ಮೂಲಕ ಅರಿಯುವ ವಿಧಾನವನ್ನು ಜಾನ್ ಫ್ಲನಾಗನ್ 1954ರಲ್ಲಿ ವಿವರಿಸಿದ. ಎಂಬತ್ತರ ದಶಕದ ಹೊತ್ತಿಗೆ ಅದು ಸಂದರ್ಶನದ ಕೊಠಡಿಯನ್ನೂ ಪ್ರವೇಶಿಸಿತು. ‘ನಿಮ್ಮಲ್ಲಿ ತಾಳ್ಮೆ ಇದೆಯೇ?’ ಎಂದು ಕೇಳಿದರೆ ಇಲ್ಲ ಎನ್ನುವವರು ಯಾರೂ ಇಲ್ಲ. ‘ಸಿಟ್ಟಿಗೆದ್ದವರೊಬ್ಬರನ್ನು ನೀವು ಸಮಾಧಾನಪಡಿಸಿದ ಒಂದು ಪ್ರಸಂಗವನ್ನು ಹೇಳಿ’ ಎಂದು ಕೇಳಿದರೆ ಮಾತ್ರ ಉತ್ತರ ಅಭ್ಯರ್ಥಿಯ ಬದುಕಿನಿಂದಲೇ ಬರಬೇಕಾಗುತ್ತದೆ. ಇಂದು ಬ್ಯಾಂಕು, ಸಾಫ್ಟ್‌ವೇರ್, ಚಿಲ್ಲರೆ ಮಾರಾಟ, ಆಸ್ಪತ್ರೆಯ ಆಡಳಿತ – ಹೀಗೆ ಎಲ್ಲ ಕಡೆಯೂ ಈ ಬಗೆಯ ಪ್ರಶ್ನೆಗಳು ಸಾಮಾನ್ಯವಾಗಿವೆ. ಪರಿಸ್ಥಿತಿ ಏನಿತ್ತು, ನಿಮ್ಮ ಹೊಣೆ ಏನಿತ್ತು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಉತ್ತರವನ್ನು ಜೋಡಿಸಿಕೊಳ್ಳಿ ಎಂದು ತರಬೇತುದಾರರೂ ಹೇಳುತ್ತಾರೆ. ಸೂತ್ರ ಒಳ್ಳೆಯದೇ. ಆದರೆ ಅದರೊಳಗೆ ತುಂಬಬೇಕಾದ ಪ್ರಸಂಗವನ್ನೂ ಅವರೇ ಕೊಟ್ಟುಬಿಡುತ್ತಾರೆ. ಹಾಗಾಗಿ ಕಾಲೇಜು ಉತ್ಸವದಲ್ಲಿ ಧ್ವನಿವರ್ಧಕ ಕೈಕೊಟ್ಟಾಗ ಸಮಯಸ್ಫೂರ್ತಿಯಿಂದ ಕಾರ್ಯಕ್ರಮವನ್ನು ಉಳಿಸಿದ ಒಂದೇ ಕಥೆಯನ್ನು ಒಂದೇ ದಿನ ಐವರು ಹೇಳುವುದನ್ನು ನಾನು ಕೇಳಿದ್ದೇನೆ.

ಡೇರಿಯಲ್ಲಿ ಸಿಕ್ಕ ಉತ್ತರ

ಬಿ.ಕಾಂ. ವಿದ್ಯಾರ್ಥಿಯೊಬ್ಬನ ವಿಷಯ ಹೇಳುತ್ತೇನೆ. ಗ್ರಾಹಕರೊಂದಿಗೆ ಜಗಳ ಬಂದರೆ ಏನು ಮಾಡುತ್ತೀಯೆಂದು ಅಣಕು ಸಂದರ್ಶನದಲ್ಲಿ ಕೇಳಿದಾಗ ಆತ ಗೈಡಿನ ಮೂರು ವಾಕ್ಯಗಳನ್ನು ಒಪ್ಪಿಸಿ ತಲೆತಗ್ಗಿಸಿ ಕುಳಿತ. ಇಂಗ್ಲಿಷ್ ಬದಿಗಿಟ್ಟು, ಬೆಳಿಗ್ಗೆ ಕಾಲೇಜಿಗೆ ಬರುವ ಮುನ್ನ ಏನು ಮಾಡುತ್ತೀಯಪ್ಪಾ ಎಂದು ಕನ್ನಡದಲ್ಲಿ ಕೇಳಿದೆ. ಊರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಕಾರ್ಯದರ್ಶಿಗೆ ನೆರವಾಗುತ್ತೇನೆ ಎಂದ. ಹಾಲು ಅಳೆಯುವುದು, ಮಾದರಿ ತೆಗೆಯುವುದು, ಕೊಬ್ಬಿನಂಶವನ್ನು ಯಂತ್ರದಲ್ಲಿ ನೋಡಿ ಪುಸ್ತಕಕ್ಕೆ ಏರಿಸುವುದು ಅವನ ಕೆಲಸ. ಹಾಲಿನ ಬೆಲೆ ಗುಣಮಟ್ಟದ ಮೇಲೆ ನಿಂತಿರುವುದರಿಂದ ಅಂಕಿಯಲ್ಲಿ ತುಸು ಇಳಿದರೂ ರೈತನ ಜೇಬಿಗೆ ಪೆಟ್ಟು. ಹಾಗಿದ್ದ ಮೇಲೆ ಜಗಳಗಳೂ ಆಗುತ್ತಿರಬೇಕಲ್ಲ ಎಂದೆ. ಆಗ ಹುಡುಗನ ಬಾಯಿ ತೆರೆಯಿತು.

ಒಂದು ದಿನ ಹಿರಿಯರೊಬ್ಬರ ಹಾಲಿನ ಕೊಬ್ಬಿನಂಶ ದಿನದಂತೆ ಬರದೆ ಕಡಿಮೆ ಬಂತಂತೆ. ‘ಏನೋ ಹುಡುಗಾ, ಯಂತ್ರ ಕೆಟ್ಟಿದೆಯೋ ನಿನ್ನ ಕಣ್ಣು ಕೆಟ್ಟಿದೆಯೋ?’ ಎಂದು ಅವರು ಎಲ್ಲರೆದುರು ಕೂಗಾಡಿದರಂತೆ. ಈತ ಮರುಮಾತಾಡದೆ ಅವರ ಕ್ಯಾನಿನ ಹಾಲನ್ನು ಚೆನ್ನಾಗಿ ಕಲಕಿ, ಅವರ ಕಣ್ಣೆದುರೇ ಮತ್ತೊಂದು ಮಾದರಿ ತೆಗೆದು ಪರೀಕ್ಷಿಸಿದ. ಅಂಕಿ ಏರಿತು. ನಿಂತ ಹಾಲಿನಲ್ಲಿ ಕೆನೆ ಮೇಲೆ ಬರುವುದರಿಂದ ಕಲಕದೆ ತೆಗೆದ ಮೊದಲ ಮಾದರಿ ತಪ್ಪು ತೋರಿಸಿತ್ತು. ‘ನನ್ನದೇ ತಪ್ಪು ಅಂತ ಒಪ್ಪಿಕೊಂಡೆ ಸರ್. ಆಮೇಲಿಂದ ಎಲ್ಲರ ಹಾಲನ್ನೂ ಕಲಕಿಯೇ ಮಾದರಿ ತೆಗೆಯುತ್ತೇವೆ’ ಎಂದ.

ಪರಿಸ್ಥಿತಿ, ಹೊಣೆ, ಕ್ರಮ, ಫಲ – ನಾಲ್ಕೂ ಇದರಲ್ಲಿವೆ. ಸಿಟ್ಟಿಗೆ ಸಿಟ್ಟಿನಿಂದ ಉತ್ತರಿಸದ ತಾಳ್ಮೆ ಇದೆ, ತಪ್ಪಿನ ಕಾರಣ ಹುಡುಕಿದ ಬುದ್ಧಿ ಇದೆ, ಅದು ಮರುಕಳಿಸದಂತೆ ಪದ್ಧತಿಯನ್ನೇ ತಿದ್ದಿದ ವಿವೇಕ ಇದೆ. ದೊಡ್ಡ ಕಂಪನಿಗಳು ‘ಗುಣಮಟ್ಟ ನಿಯಂತ್ರಣ’ ಎಂಬ ಹೆಸರಿನಲ್ಲಿ ಕಲಿಸುವ ಪಾಠವೂ ಇದೇ. ಇದನ್ನೇಕೆ ಮೊದಲೇ ಹೇಳಲಿಲ್ಲವೆಂದು ಕೇಳಿದರೆ ಆತ ಕೊಟ್ಟ ಉತ್ತರ ಇಂದಿಗೂ ನನ್ನನ್ನು ಕಾಡುತ್ತದೆ: ‘ಅದು ಮನೆ ಕಡೆಯ ಕೆಲಸ ಸರ್. ಸಂದರ್ಶನದಲ್ಲಿ ಹೇಳುವಂಥದ್ದು ಅಂತ ಅನ್ನಿಸಲೇ ಇಲ್ಲ.’

ಮೊದಲ ಸಂದರ್ಶನದಲ್ಲೇ ಆತನಿಗೆ ಕೆಲಸ ಸಿಕ್ಕಿತೆಂದು ಬರೆದರೆ ಕಥೆ ಸೊಗಸಾಗುತ್ತದೆ. ಹಾಗಾಗಲಿಲ್ಲ, ಮೂರನೆಯದರಲ್ಲಿ ಸಿಕ್ಕಿತು. ನನಗೆ ಮುಖ್ಯವೆನಿಸುವುದು ಬೇರೆ. ತಂದೆಯ ಖಾನಾವಳಿಯ ಉದ್ರಿ ಲೆಕ್ಕ ಇಡುವವರು, ರಜೆಯಲ್ಲಿ ಎಪಿಎಂಸಿ ಅಂಗಡಿಯಲ್ಲಿ ಚೀಟಿ ಬರೆಯುವವರು, ತಾಯಿಯ ಸ್ವಸಹಾಯ ಸಂಘದ ಪುಸ್ತಕ ನೋಡಿಕೊಳ್ಳುವವರು, ಮುಂಜಾನೆ ಪತ್ರಿಕೆ ಹಂಚುವವರು ನಮ್ಮ ತರಗತಿಗಳ ತುಂಬ ಇದ್ದಾರೆ. ದುಡ್ಡು, ಸಮಯ, ಜನ ಈ ಮೂರನ್ನೂ ಸಂಭಾಳಿಸಿದ ಅನುಭವ ಅವರಿಗಿದೆ. ಆದರೆ ಅದು ‘ಅನುಭವ’ ಎಂದು ಕರೆಸಿಕೊಳ್ಳಲು ಯೋಗ್ಯವೆಂದು ಅವರಿಗೆ ಯಾರೂ ಹೇಳಿಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂಬ ಮಾತಿದೆ. ಇವರಿಗೆ ಬಾಯಿಯೂ ಇದೆ, ಹೇಳಲು ಬದುಕೂ ಇದೆ. ಎರಡರ ನಡುವೆ ಸಂಕೋಚ ಅಡ್ಡ ನಿಂತಿದೆ. ಸಂದರ್ಶನ ತರಬೇತಿಯ ಮೊದಲ ಕೆಲಸ ಈ ಸಂಕೋಚವನ್ನು ಕಳೆಯುವುದು.

ಸಿದ್ಧತೆ ಎಂದರೆ ಏನು?

ಕಂಠಪಾಠ ಬೇಡವೆಂದರೆ ಸಿದ್ಧತೆಯೇ ಬೇಡವೆಂದು ಅರ್ಥವಲ್ಲ. ತಾಳಮದ್ದಳೆಯ ಅರ್ಥಧಾರಿಯನ್ನು ನೋಡಿ. ಭಾಗವತರು ಹಾಡುವ ಪ್ರಸಂಗದ ಪದ್ಯ ಮೊದಲೇ ಗೊತ್ತಿರುತ್ತದೆ. ಅದರ ಮೇಲೆ ಆತ ಆಡುವ ಮಾತು ಮಾತ್ರ ಆ ಕ್ಷಣದ್ದು. ಎದುರು ಕುಳಿತವರ ವಾದಕ್ಕೆ ತಕ್ಕಂತೆ ಅದು ಬದಲಾಗಬೇಕು. ಹಾಗೆ ಆಶುವಾಗಿ ಮಾತನಾಡಲು ಪುರಾಣದ ಆಳವಾದ ಓದು ಬೆನ್ನಿಗಿರಬೇಕು. ಉದ್ಯೋಗಾಕಾಂಕ್ಷಿಯ ಸಿದ್ಧತೆಯೂ ಇಂಥದ್ದೇ. ಪ್ರಶ್ನೆಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಅವನ ಪುರಾಣ ಅವನ ಬದುಕು. ಅದರಿಂದ ಆರೇಳು ಪ್ರಸಂಗಗಳನ್ನು ಆರಿಸಿ ಇಟ್ಟುಕೊಂಡರೆ ಯಾವ ಪ್ರಶ್ನೆ ಬಂದರೂ ಒಂದು ಕೈಗೆ ಸಿಗುತ್ತದೆ.

‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಗೆ ತಂದೆಯ ಹೆಸರು, ತಾಯಿಯ ಹೆಸರು, ಊರು, ಹವ್ಯಾಸ ಎಂದು ಶುರುಮಾಡುವವರೇ ಹೆಚ್ಚು. ಅವೆಲ್ಲ ಅರ್ಜಿಯಲ್ಲಿ ಇರುತ್ತವೆ. ಏನು ಓದಿದೆ, ಈವರೆಗೆ ಏನು ಮಾಡಿದ್ದೇನೆ, ಈ ಕೆಲಸಕ್ಕೆ ಅದು ಹೇಗೆ ಹೊಂದುತ್ತದೆ – ಈ ಮೂರನ್ನು ಎರಡು ನಿಮಿಷ ಮೀರದಂತೆ ಹೇಳಿದರೆ ಸಾಕು. ದೌರ್ಬಲ್ಯದ ಪ್ರಶ್ನೆಗೆ ಗುಣವನ್ನೇ ದೋಷದ ವೇಷದಲ್ಲಿ ತೋರಿಸುವ ಜಾಣತನ ಬೇಡ. ಸಂದರ್ಶಕರು ಅದನ್ನು ಸಾವಿರ ಸಲ ಕೇಳಿದ್ದಾರೆ. ‘ಇಂಗ್ಲಿಷ್‌ನಲ್ಲಿ ಮಾತನಾಡುವಾಗ ತಡವರಿಸುತ್ತೇನೆ, ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಓದುತ್ತಿದ್ದೇನೆ’ ಎಂಬುದು ಸಾಚಾ ಉತ್ತರ, ಆ ಅಭ್ಯಾಸ ನಿಜವಾಗಿಯೂ ಇದ್ದರೆ. ‘ನಮ್ಮಲ್ಲೇ ಏಕೆ?’ ಎಂಬ ಪ್ರಶ್ನೆಗೆ ಹೊಗಳಿಕೆ ಉತ್ತರವಾಗದು. ಆ ಸಂಸ್ಥೆ ಏನು ತಯಾರಿಸುತ್ತದೆ, ಯಾರಿಗೆ ಮಾರುತ್ತದೆ, ತನಗೆ ಕೊಡಲಿರುವ ಕೆಲಸ ಯಾವುದು ಎಂದು ಹಿಂದಿನ ದಿನ ಒಂದು ಗಂಟೆ ತಿಳಿದುಕೊಂಡವರಿಗೆ ಉತ್ತರ ತಾನಾಗಿಯೇ ಹೊಳೆಯುತ್ತದೆ.

ಯಾವುದೋ ಸೆಮಿಸ್ಟರಿನಲ್ಲಿ ನಪಾಸಾಗಿದ್ದರೆ, ಓದಿನ ನಡುವೆ ಒಂದು ವರ್ಷ ಬಿಟ್ಟುಹೋಗಿದ್ದರೆ ಬಹಳ ಮಂದಿ ಕಂಗಾಲಾಗುತ್ತಾರೆ. ಮನೆಯಲ್ಲಿ ಕಾಯಿಲೆಯಿತ್ತು, ದುಡಿಯಬೇಕಾಯಿತು ಎಂಬುದನ್ನು ಒಂದೇ ವಾಕ್ಯದಲ್ಲಿ, ಕರುಣೆ ಬೇಡದೆ ಹೇಳಿ ಮುಂದಕ್ಕೆ ಹೋಗಬಹುದು. ಸುಳ್ಳು ಹೇಳಿದರೆ ಮಾತ್ರ ಅಂಕಪಟ್ಟಿಯೇ ಎದುರುಸಾಕ್ಷಿ ನುಡಿಯುತ್ತದೆ. ಕೊನೆಯಲ್ಲಿ ‘ನೀವೇನಾದರೂ ಕೇಳುವುದಿದೆಯೇ?’ ಎಂದಾಗ ತಲೆಯಾಡಿಸಿ ಎದ್ದು ಬರಬಾರದು. ಬಾಂಡ್ ಇದೆಯೇ, ತರಬೇತಿ ಅವಧಿಯಲ್ಲಿ ಸಂಬಳ ಎಷ್ಟು, ರಾತ್ರಿ ಪಾಳಿಗೆ ಸಾರಿಗೆ ವ್ಯವಸ್ಥೆ ಇದೆಯೇ ಎಂದು ವಿನಯದಿಂದ ಕೇಳುವುದು ಅಭ್ಯರ್ಥಿಯ ಹಕ್ಕು. ಕೆಲಸ ಕೊಡುವ ಮೊದಲೇ ‘ಠೇವಣಿ’ ಕೇಳುವವರ ಕೊಠಡಿಯಿಂದ ಎದ್ದು ಬರುವುದನ್ನೂ ನಾವು ಕಲಿಸಬೇಕು.

ಭಾಷೆಯ ವಿಚಾರದಲ್ಲಿ ನನ್ನ ಅನುಭವ ಇಷ್ಟು: ಉತ್ತರ ಮೊದಲು ಕನ್ನಡದಲ್ಲಿ ರೂಪುಗೊಳ್ಳಲಿ. ಏನು ಹೇಳಬೇಕೆಂಬುದು ಸ್ಪಷ್ಟವಾದ ಮೇಲೆ ಅದನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಲು ಕಲಿಯುವುದು ಅಷ್ಟು ಕಷ್ಟವಲ್ಲ. ಯೋಚನೆಯನ್ನೂ ಭಾಷೆಯನ್ನೂ ಒಟ್ಟಿಗೆ ತಡಕಾಡಬೇಕಾದಾಗಲೇ ನಾಲಿಗೆ ಒಣಗುವುದು.

ಕೇಳುವವರ ಹೊಣೆ

ಇಲ್ಲಿಯವರೆಗೆ ಅಭ್ಯರ್ಥಿಗಳ ಮಾತಾಯಿತು. ಮೇಜಿನ ಆಚೆ ಬದಿಯಲ್ಲಿ ಕುಳಿತವರ ಸಿದ್ಧತೆ ಹೇಗಿದೆ? ನೇಮಕಾತಿ ವಿಧಾನಗಳ ಕುರಿತು ದಶಕಗಳಿಂದ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ವಿಶ್ಲೇಷಣೆಯೊಂದನ್ನು ಪ್ರಕಟಿಸಿದರು. ಎಲ್ಲರಿಗೂ ಒಂದೇ ಬಗೆಯ, ಕೆಲಸಕ್ಕೆ ಸಂಬಂಧಿಸಿದ ಪ್ರಶ್ನೆಗಳನ್ನು ಕೇಳಿ ಮೊದಲೇ ನಿಗದಿಪಡಿಸಿದ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನಕ್ಕೂ ಮುಂದಿನ ಕಾರ್ಯದಕ್ಷತೆಗೂ 0.42ರಷ್ಟು ಸಹಸಂಬಂಧ ಕಂಡುಬಂತು. ಬಾಯಿಗೆ ಬಂದ ಪ್ರಶ್ನೆ ಕೇಳುತ್ತ ಹೋಗುವ ಹರಟೆ ಮಾದರಿಯ ಸಂದರ್ಶನದಲ್ಲಿ ಅದು ಕೇವಲ 0.19. ಅಂದರೆ, ‘ನೋಡಿದೊಡನೆ ಮನುಷ್ಯ ಎಂಥವನೆಂದು ಹೇಳಿಬಿಡುತ್ತೇನೆ’ ಎಂದು ಬೀಗುವ ಅಧಿಕಾರಿಯ ಆತ್ಮವಿಶ್ವಾಸಕ್ಕೆ ಆಧಾರ ಕಡಿಮೆ.

ಆಧಾರವಿಲ್ಲದ ಜಾಗದಲ್ಲಿ ಪೂರ್ವಗ್ರಹ ಬಂದು ಕೂರುತ್ತದೆ. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಖಾಸಗಿ ಕಂಪನಿಗಳ ನೇಮಕಾತಿ ಅಧಿಕಾರಿಗಳನ್ನು ಮಾತನಾಡಿಸಿ 2007ರಲ್ಲಿ ಪ್ರಕಟಿಸಿದ ಲೇಖನ ಇದನ್ನು ಬಯಲು ಮಾಡಿತು. ಪ್ರತಿಭೆಯೊಂದೇ ಮಾನದಂಡ ಎನ್ನುತ್ತಿದ್ದ ಅದೇ ಅಧಿಕಾರಿಗಳು ಅಭ್ಯರ್ಥಿಯ ‘ಕುಟುಂಬದ ಹಿನ್ನೆಲೆ’ಗೂ ಬಹಳ ಬೆಲೆ ಕೊಡುತ್ತಿದ್ದರು. ಅದೇ ವರ್ಷ ಅಶ್ವಿನಿ ದೇಶಪಾಂಡೆ ಮತ್ತು ನ್ಯೂಮನ್ ದೆಹಲಿಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳ ನಡುವೆ ನಡೆಸಿದ ಅಧ್ಯಯನದಲ್ಲಿ, ಈ ‘ಹಿನ್ನೆಲೆ’ಯ ಪ್ರಶ್ನೆ ದಲಿತ ವಿದ್ಯಾರ್ಥಿಗಳನ್ನು ಹೇಗೆ ಇಕ್ಕಟ್ಟಿಗೆ ಸಿಲುಕಿಸುತ್ತದೆ ಎಂಬುದು ಕಂಡುಬಂತು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕ್ಯಾರೊಲ್ ಉಪಾಧ್ಯ ಅವರೂ 2007ರಲ್ಲೇ ಐಟಿ ಉದ್ಯಮದ ‘ಮೆರಿಟ್’ ಪರಿಕಲ್ಪನೆಯನ್ನು ಪ್ರಶ್ನಿಸಿ ಬರೆದರು. ಸಂವಹನ ಕೌಶಲ, ನಡೆನುಡಿಯ ನಯ ಎಂಬ ಹೆಸರಿನಲ್ಲಿ ನಗರದ ಇಂಗ್ಲಿಷ್ ಬಲ್ಲ ಮಧ್ಯಮ ವರ್ಗಕ್ಕೆ ಹೇಗೆ ಅನುಕೂಲವಾಗುತ್ತದೆ ಎಂದು ಅವರು ತೋರಿಸಿದರು. ‘ನಿಮ್ಮ ತಂದೆ ಏನು ಮಾಡುತ್ತಾರೆ?’ ಎಂಬ ಸೌಜನ್ಯದ ಪ್ರಶ್ನೆ ಕೂಲಿಕಾರನ ಮಗಳ ಕಿವಿಗೆ ಬೇರೆಯೇ ಆಗಿ ಕೇಳುತ್ತದೆ ಎಂಬುದನ್ನು ಕೇಳುವವರು ಅರಿಯಬೇಕು.

ಹೆಣ್ಣುಮಕ್ಕಳಿಗೆ ಇನ್ನೂ ಒಂದು ಪ್ರಶ್ನೆ ಕಾದಿರುತ್ತದೆ: ಮದುವೆ ಯಾವಾಗ, ಆಮೇಲೆ ಕೆಲಸ ಬಿಡುತ್ತೀರಾ? 1976ರ ಸಮಾನ ವೇತನ ಕಾಯ್ದೆ ನೇಮಕಾತಿಯಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸಿತ್ತು. 2019ರ ವೇತನ ಸಂಹಿತೆಯಲ್ಲೂ ಆ ನಿಷೇಧವಿದೆ. ಹಾಗಿದ್ದೂ ಗಂಡುಮಕ್ಕಳಿಗೆ ಕೇಳದ ಪ್ರಶ್ನೆಯನ್ನು ಹೆಣ್ಣುಮಕ್ಕಳಿಗೆ ಕೇಳಲಾಗುತ್ತಿದೆ. ‘ಕೆಲಸದ ಹೊಣೆಯನ್ನು ಪೂರೈಸುವುದರಲ್ಲಿ ನನಗೆ ಯಾವ ಅಡ್ಡಿಯೂ ಇಲ್ಲ’ ಎಂದು ಹೇಳಿ ಮಾತನ್ನು ಕೆಲಸದತ್ತ ತಿರುಗಿಸಲು ನನ್ನ ವಿದ್ಯಾರ್ಥಿನಿಯರಿಗೆ ಹೇಳಿಕೊಡುತ್ತೇನೆ. ಆದರೆ ಅನ್ಯಾಯದ ಪ್ರಶ್ನೆಯನ್ನು ಜಾಣ್ಮೆಯಿಂದ ದಾಟುವ ಭಾರವನ್ನೂ ಅವರ ಹೆಗಲಿಗೇ ಹೊರಿಸಬೇಕಾಗಿದೆಯಲ್ಲ ಎಂಬ ಬೇಸರ ತಪ್ಪಿದ್ದಲ್ಲ.

ಸರ್ಕಾರಿ ವಲಯದಲ್ಲಿ ಒಂದು ಬದಲಾವಣೆ ಆಗಿದೆ. ಪಕ್ಷಪಾತ ಮತ್ತು ಭ್ರಷ್ಟಾಚಾರದ ದೂರುಗಳಿದ್ದ ಕಾರಣ ಕೇಂದ್ರ ಸರ್ಕಾರ ‘ಸಿ’ ಗುಂಪಿನ ಮತ್ತು ‘ಬಿ’ ಗುಂಪಿನ ಪತ್ರಾಂಕಿತವಲ್ಲದ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ಕೈಬಿಟ್ಟಿತು. ನಾಗರಿಕ ಸೇವಾ ಪರೀಕ್ಷೆಯಲ್ಲಿ ಒಟ್ಟು 2025 ಅಂಕಗಳಲ್ಲಿ ಸಂದರ್ಶನಕ್ಕಿರುವುದು 275. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಅದನ್ನು ಕನ್ನಡದಲ್ಲೇ ಎದುರಿಸಬಹುದು. ಜಿಲ್ಲೆಯೊಂದನ್ನು ಆಳಲಿರುವ ಅಧಿಕಾರಿಯನ್ನು ಕನ್ನಡದಲ್ಲಿ ಪರೀಕ್ಷಿಸಬಹುದಾದರೆ, ಕನ್ನಡಿಗ ಗ್ರಾಹಕರೊಡನೆ ದಿನವಿಡೀ ಕನ್ನಡದಲ್ಲೇ ವ್ಯವಹರಿಸಬೇಕಾದ ಹಣಕಾಸು ಕಂಪನಿಯ ಶಾಖೆಯ ಹುದ್ದೆಗೆ ಇಂಗ್ಲಿಷ್ ಸಂದರ್ಶನವೇ ಏಕೆ ಬೇಕು? ಕೆಲಸಕ್ಕೆ ಬೇಕಿರುವ ಭಾಷೆಯನ್ನು ಪರೀಕ್ಷಿಸುವುದು ನ್ಯಾಯ. ಕೆಲಸಕ್ಕೆ ಬೇಡದ ಭಾಷೆಯನ್ನು ಜರಡಿಯಂತೆ ಬಳಸುವುದು ನ್ಯಾಯವಲ್ಲ, ಒಳ್ಳೆಯ ಕೆಲಸಗಾರರನ್ನು ಕಳೆದುಕೊಳ್ಳುವುದರಿಂದ ಅದು ವ್ಯಾಪಾರಕ್ಕೂ ಹಿತವಲ್ಲ.

ಕಾಲೇಜುಗಳು ಮಾಡಬಹುದಾದ್ದು

ಅಂತಿಮ ವರ್ಷದಲ್ಲಿ ಎರಡು ದಿನದ ಕಾರ್ಯಾಗಾರ ಏರ್ಪಡಿಸಿ, ಪ್ರಮಾಣಪತ್ರ ಹಂಚಿ, ಫೋಟೊ ತೆಗೆಸಿಕೊಂಡರೆ ಪ್ಲೇಸ್‌ಮೆಂಟ್ ಸೆಲ್‌ನ ವರದಿ ತುಂಬುತ್ತದೆ. ವಿದ್ಯಾರ್ಥಿಯ ಬಾಯಿ ತೆರೆಯುವುದಿಲ್ಲ. ಮೂರು ವರ್ಷಗಳ ಪದವಿಯಲ್ಲಿ ಆರು ಸೆಮಿಸ್ಟರುಗಳಿವೆ. ಪ್ರತಿ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ತಾವು ಕೈಯಾರೆ ಮಾಡಿದ ಒಂದು ಕೆಲಸದ ಬಗ್ಗೆ ಮೂರು ನಿಮಿಷ ನಿಂತು ಮಾತನಾಡಲಿ, ಸಹಪಾಠಿಗಳು ಎರಡು ಮರುಪ್ರಶ್ನೆ ಕೇಳಲಿ. ಮೊದಲ ವರ್ಷ ಕನ್ನಡದಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ. ಅರವತ್ತು ಮಂದಿಯ ತರಗತಿಗೆ ಇದು ಸೆಮಿಸ್ಟರಿಗೆ ಐದಾರು ಗಂಟೆಗಳ ಕೆಲಸ. ಆಂತರಿಕ ಮೌಲ್ಯಮಾಪನದ ಕೆಲವು ಅಂಕಗಳನ್ನು ಇದಕ್ಕೆ ಮೀಸಲಿಟ್ಟರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಇದಕ್ಕೆ ಹೊರಗಿನ ತರಬೇತುದಾರ ಬೇಕಿಲ್ಲ, ಅನುದಾನ ಬೇಕಿಲ್ಲ. ಕೇಳುವ ತಾಳ್ಮೆಯಿರುವ ಅಧ್ಯಾಪಕರಿದ್ದರೆ ಸಾಕು.

ಕಂಠಪಾಠವಿಲ್ಲದಿದ್ದರೆ ಹಿಂಜರಿಯುವ ಮಕ್ಕಳು ಒಂದಕ್ಷರವನ್ನೂ ಆಡಲಾರರು ಎಂದು ಸಹೋದ್ಯೋಗಿಗಳು ಆಕ್ಷೇಪಿಸುವುದುಂಟು. ಮೊದಲ ಎರಡು ವಾಕ್ಯಗಳನ್ನು ಬೇಕಿದ್ದರೆ ಗಟ್ಟಿಮಾಡಿಕೊಳ್ಳಲಿ. ನೀರಿಗಿಳಿಯುವಾಗ ಮೆಟ್ಟಿಲು ಬೇಕು. ಆದರೆ ಆರು ಸಲ ತರಗತಿಯೆದುರು ನಿಂತು ತನ್ನ ಕೆಲಸದ ಬಗ್ಗೆ ತಾನೇ ಮಾತನಾಡಿದ ಹುಡುಗಿ ಏಳನೆಯ ಸಲ ಅಪರಿಚಿತರೆದುರು ಕುಳಿತಾಗ ಮೂಕಳಾಗುವ ಸಂಭವ ಕಡಿಮೆ.

ಉದ್ಯೋಗಗಳ ಸಂಖ್ಯೆಯನ್ನು ಸಂದರ್ಶನ ತರಬೇತಿ ಹೆಚ್ಚಿಸಲಾರದು. ನೂರು ಹುದ್ದೆಗೆ ಸಾವಿರ ಮಂದಿ ಬಂದರೆ ಒಂಬೈನೂರು ಮಂದಿ ಬರಿಗೈಯಲ್ಲಿ ಮರಳಲೇಬೇಕು. ಆ ಒಂಬೈನೂರರಲ್ಲಿ ನಮ್ಮ ವಿದ್ಯಾರ್ಥಿಗಳೂ ಇರುತ್ತಾರೆ. ಆದರೆ ತಾನು ಯಾರೆಂದು ಹೇಳಿ ತಿರಸ್ಕೃತನಾಗುವುದಕ್ಕೂ, ಬೇರೆ ಯಾರದೋ ಮಾತನ್ನು ಒಪ್ಪಿಸಿ ತಿರಸ್ಕೃತನಾಗುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯವನು ಮುಂದಿನ ಸಂದರ್ಶನಕ್ಕೆ ಇನ್ನಷ್ಟು ಸಿದ್ಧನಾಗಿ ಹೋಗುತ್ತಾನೆ. ಎರಡನೆಯವನು ಇನ್ನೊಂದು ಗೈಡು ಹುಡುಕುತ್ತಾನೆ. ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಸಿದ್ಧಪಡಿಸುವಾಗ ಪ್ರಾಂಶುಪಾಲರು ಈ ಐದಾರು ಗಂಟೆಗಳಿಗೆ ಜಾಗ ಮಾಡಿಕೊಟ್ಟರೆ ಅದೇ ದೊಡ್ಡ ಆರಂಭ.